ಏಕಾಂತಪ್ಪ ತೆನೆ ಸುಟ್ಟ ದಿನ

ಒಂದು ಬುಟ್ಟಿ ಮೆಕ್ಕೆಜೋಳದ ತೆನೆ ಗಂಡನನ್ನು ಆದವಾನಿಯಲ್ಲೂ ಹೆಂಡತಿಯನ್ನು ಪೆದ್ದಹರಿವಾಣದಲ್ಲೂ ಕೂರಿಸಬಲ್ಲದೆಂದು ಏಕಾಂತಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

ತೆನೆಯದೇನೂ ತಪ್ಪಿರಲಿಲ್ಲ. ಪೆದ್ದಹರಿವಾಣದ, ಜನರ ಬಾಯಲ್ಲಿ ಬರೀ ಹರಿವಾಣದ, ಮಾವ ರೇವಣಸಿದ್ದಪ್ಪನವರು ತಮ್ಮ ಬಾವಿ ಕೆಳಗಿನ ಹೊಲದಲ್ಲಿ ಬೆಳೆದ ಎಳೆಯ ತೆನೆಗಳನ್ನು, ಮಗಳಿಗೆ ಇಷ್ಟವೆಂದು, ಬುಟ್ಟಿ ತುಂಬ ಕಳಿಸಿದ್ದರು. ಬುಟ್ಟಿ ಬಂದ ಹೊತ್ತಿಗೆ ಕಟ್ಟೆಯ ಮೇಲೆ ಹತ್ತಿ ಮಂಡಿಯ ನಾಲ್ಕು ಜನ ಕುಳಿತಿದ್ದರು. ಆ ಮಂಡಿಯಲ್ಲಿ ಏಕಾಂತಪ್ಪ ಗುಮಾಸ್ತ. ನಾಲ್ಕು ಜನರನ್ನು ಕಂಡರೆ ಅವನ ನಾಲಿಗೆ ಒಂದು ಗೇಣು ಉದ್ದವಾಗುತ್ತಿತ್ತು. "ಇದನ್ನೇನು ಮಂದಿ ತಿಂತಾರೇನು? ದನದ ಗೋದಲಿಗೆ ಹಾಕೋದು" ಎಂದುಬಿಟ್ಟ. ಒಳಗಿದ್ದ ಹೆಂಡತಿ ಹೂವಮ್ಮನಿಗೆ ಅದು ಕೇಳಿತು. ಮರುದಿನ ಬೆಳಿಗ್ಗೆ ಅದೇ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಹರಿವಾಣದ ಬಂಡಿ ಹತ್ತಿದಳು.

"ಎರಡು ದಿನಕ್ಕ ಬರ್ತಾಳ ಬಿಡು" ಎಂದ ಏಕಾಂತಪ್ಪ. ಅದಾಗಿ ಹನ್ನೊಂದು ದಿನ.

ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಒಮ್ಮೆಯೂ ಒಲೆಯ ಮುಂದೆ ಕುಳಿತವನಲ್ಲ. "ನನಗ ಒಲಿ ಹಚ್ಚಾಕ ಬರಂಗಿಲ್ಲ" ಎಂಬುದನ್ನು ಮಠದಲ್ಲಿ ಕೊಟ್ಟ ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದ. ಈಗ ಆ ಬಿರುದನ್ನು ತಿಂದು ಹೊಟ್ಟೆ ತುಂಬಲಿಲ್ಲ. ಪಕ್ಕದ ಮನೆಯ ಶಂಕರಮ್ಮ, ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದ ಮುದುಕಿ, ದಿನಕ್ಕೆರಡು ಸಲ ಗೋಡೆಯ ಮೇಲಿಂದ ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಇಳಿಸುತ್ತಿದ್ದಳು. ರೊಟ್ಟಿಯ ಜೊತೆಗೆ ಮಾತೂ ಇಳಿಯುತ್ತಿತ್ತು.

"ತಿನ್ನಪ್ಪಾ ತಿನ್ನು. ಹಗ್ಗ ಇಲ್ಲದ ಕೊಡದಂಗ ಆಗೀದಿ. ಬಾವಿ ಮುಂದ ಕುಂತು ಬಾಯಾರ್ತೀದಿ."

ಆ ದಿನ ಏಕಾಂತಪ್ಪ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಏಳುತ್ತಿದ್ದ. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ಬಾಗಿಲಲ್ಲಿ ಬಂಡಿಯ ಯರ್ರೆಪ್ಪನ ದನಿ ಕೇಳಿತು. ಯರ್ರೆಪ್ಪ ಹರಿವಾಣದಿಂದ ಮಂಡಿಗೆ ಹತ್ತಿಯ ಬಂಡಿ ಹೊಡೆಯುವವನು.

"ಗುಮಾಸ್ತ್ರೇ, ನಿಮ್ಮ ಮಾವನೋರು ಹೇಳಿ ಕಳಿಸ್ಯಾರ. ಮಧ್ಯಾಹ್ನಕ್ಕ ಅಕ್ಕನ್ನ ಕರ್ಕೊಂಡು ಬರ್ತಾರಂತ."

ಏಕಾಂತಪ್ಪನ ಎದೆ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯಿತು. "ಇರಾಕ ಬರ್ತಾಳೇನೋ?"

"ಅದು ನನಗ ತಿಳೀದು. ಅಕ್ಕ ಅಂದದ್ದು ಇಷ್ಟ. 'ಮನಿ ಹೆಂಗೈತಿ, ಅವರು ಹೆಂಗದಾರ, ಕಣ್ಣಿಲೆ ನೋಡ್ತೀನಿ. ನೋಡಿ, ಇರೋದೋ ಅದೇ ಬಂಡಿಗೆ ತಿರುಗಿ ಬರೋದೋ ಹೇಳ್ತೀನಿ.' ನಾ ಇದ್ದದ್ದು ಇದ್ದಂಗ ಮುಟ್ಟಿಸೀನಿ."

ಏಕಾಂತಪ್ಪ ತಿರುಗಿ ತನ್ನ ಮನೆಯನ್ನು ನೋಡಿದ. ಹನ್ನೊಂದು ದಿನದ ಧೂಳು, ಧೂಳಿನ ಮೇಲೆ ಬೆಕ್ಕಿನ ಹೆಜ್ಜೆ. ಮೂಲೆಯಲ್ಲಿ ಮಾಸಿದ ಧೋತರಗಳ ರಾಶಿ. ಇದನ್ನು ಕಂಡ ಹೆಂಡತಿ ಬಂಡಿಯಿಂದ ಇಳಿಯುವುದೇ ಇಲ್ಲವೆಂದು ಅವನಿಗೆ ಖಾತ್ರಿಯಾಯಿತು. ಅವನು ನೇರ ಎದುರುಗಟ್ಟೆಗೆ ನಡೆದ.

ಎದುರುಗಟ್ಟೆಯ ಗುರುಪಾದಯ್ಯನವರು ಶ್ರಾವಣ ಪೂರ್ತಿ ಮಠದಲ್ಲಿ ಪುರಾಣ ಹೇಳುವವರು. ಉಳಿದ ಹನ್ನೊಂದು ತಿಂಗಳು ಓಣಿಗೆ ಬುದ್ಧಿ ಹೇಳುತ್ತಿದ್ದರು. ಅವರು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದರು.

"ಏಕಾಂತಾ, ಪುರಾಣದಾಗ ನೋಡು. ಹೂವಿನ ವಿಷಯಕ್ಕ ತಪ್ಪಿದವಗ ಹೂವಿಲೇ ಪ್ರಾಯಶ್ಚಿತ್ತ. ನೀರಿನ ವಿಷಯಕ್ಕ ತಪ್ಪಿದವನ ಕೈಲೆ ಅರವಟ್ಟಿಗಿ ಇಡಿಸ್ತಾರ. ನೀ ಯಾವುದನ್ನ ದನದ ಮೇವು ಅಂದಿ?"

"ತೆನಿನ್ನ, ಅಯ್ಯನೋರೆ."

"ಹಂಗಾದ್ರ ತೆನಿನೇ. ನಿನ್ನ ಕೈಲೆ ಸುಟ್ಟು, ಮಾವಗೊಂದು, ಹೆಂಡ್ತಿಗೊಂದು ಕೊಡು. ಮತ್ತೊಂದು ಮಾತು ಆಡಬ್ಯಾಡ. ಹೂವಮ್ಮ ಸೆರಗು ಬಿಗದು ಒಳಗ ಹೋಗದಿದ್ರ ನನ್ನ ಕೇಳು."

"ನನಗ ಒಲಿ ಹಚ್ಚಾಕ ಬರಂಗಿಲ್ಲಲ್ರಿ."

"ಬಂದಿದ್ರ ಅದು ಪ್ರಾಯಶ್ಚಿತ್ತ ಹೆಂಗ ಆದೀತು?"

ಯರ್ರೆಪ್ಪನ ಬಂಡಿಯ ಕೆಳಗಿನ ಜೋಲಿಯಲ್ಲಿ, ಅವನು ತನಗೆಂದು ಇಟ್ಟುಕೊಂಡ ಹನ್ನೆರಡು ತೆನೆ ಇದ್ದವು. ಏಕಾಂತಪ್ಪ ಕೈ ಮುಗಿಯುವುದಕ್ಕೆ ಹೋದದ್ದನ್ನು ಕಂಡು ಯರ್ರೆಪ್ಪ ಗಾಬರಿಯಾಗಿ ಹನ್ನೆರಡನ್ನೂ ಅವನ ಉಡಿಗೆ ಸುರಿದ. "ಮಂಡಿಯಾಗ ನನಗ ಜ್ವರ ಅಂತ ಹೇಳಿಬಿಡು, ಮಾರಾಯ" ಎಂದು ಅವನನ್ನು ಸಾಗಹಾಕಿ, ಏಕಾಂತಪ್ಪ ಹಿತ್ತಲಿಗೆ ಬಂದು ಕುಳಿತ.

ಗೋಡೆಯಾಚೆ ಶಂಕರಮ್ಮನ ಅಂಗಳದಲ್ಲಿ 'ಟೊಂಯ್ ಟೊಂಯ್' ಎಂದು ಬಿಲ್ಲು ಮಿಡಿಯುತ್ತಿತ್ತು. ಪಿಂಜಾರ ದಸ್ತಗಿರಿ ಮುದುಕಿಯ ಹಳೆಯ ಗಾದಿಯ ಹತ್ತಿ ಹಿಂಜುತ್ತಿದ್ದ. ದೊಡ್ಡ ಯುದ್ಧದಲ್ಲಿ ಮೂರು ವರ್ಷ ಅಸ್ಸಾಮಿನ ಕಡೆ ಮಿಲಿಟರಿ ಲಾರಿಯ ಕ್ಲೀನರ್ ಆಗಿದ್ದು, ಹೋದ ವರ್ಷವಷ್ಟೇ ಊರಿಗೆ ಮರಳಿದವನು. ಯಾವ ಮಾತು ಬಂದರೂ 'ನಮ್ಮ ಕ್ಯಾಂಪಿನಾಗ' ಎಂದೇ ಆರಂಭಿಸುತ್ತಿದ್ದ. ಎದುರುಗಟ್ಟೆಯ ಪುರಾಣ ಅವನ ಕಿವಿಗೂ ಬಿದ್ದಿತ್ತು. ಬಿಲ್ಲು ನಿಂತಿತು. ತಲೆ, ಹುಬ್ಬು, ಗಡ್ಡವೆಲ್ಲ ಅರಳೆ ಅಂಟಿಸಿಕೊಂಡ ಒಂದು ಮುಖ, ಹಿಮ ಬಿದ್ದ ಪರ್ವತದಂತೆ, ಗೋಡೆಯ ಮೇಲೆ ಮೂಡಿತು.

"ಸುಮ್ಮನ ತೆನಿ ಸುಟ್ಟು ಕೊಟ್ಟರ ಏನು ಬಂತ್ರೀ ಗುಮಾಸ್ತ್ರೇ? ನಿಮ್ಮ ಮಾವನ ಹೊಲದಾಗ ಗುಬ್ಬಿ ಕಾಯೋನೂ ದಿನಾ ಸುಟ್ಟು ತಿಂತಾನ. ಅವರು ಹುಟ್ಟಿದಾಗಿಂದ ಕಾಣದಂಥದು ಕೊಡ್ರಿ. ನಮ್ಮ ಕ್ಯಾಂಪಿನಾಗ ಅಮೆರಿಕದವರ ಅಡಿಗಿ ಮಾಡಾಂವ ಒಬ್ಬ ಇದ್ದ. ಅವನ ದೇಶ ಮೆಕ್ಸಿಕೋ ಅಂತ. ಅಮೆರಿಕಕ್ಕ ಅದು, ನಮಗ ಸಿರುಗುಪ್ಪ ಇದ್ದಂಗ, ಮಗ್ಗಲಾಗ."

"ಅಲ್ಲೂ ತೆನಿ ತಿಂತಾರಾ?"

"ಅರೆ, ಕೇಳ್ತೀರಲ್ಲ! ಅಲ್ಲಿ ಅದೇ ರೊಟ್ಟಿ, ಅದೇ ಅಂಬಲಿ. ಸುಡೋದು ನೋಡಬೇಕ್ರಿ ನೀವು. ಸಿಪ್ಪಿ ಕೀಳಂಗಿಲ್ಲ. ಹಿಂದಕ್ಕ ಜಗ್ಗಿ ಜಡಿ ಹೆಣದಂಗ ಹೆಣೀತಾರ, ಅದೇ ಹಿಡಿಕಿ. ಕೆಂಡದ ಮ್ಯಾಲೆ ಹೊಳ್ಳಿಸಿ ಹೊಳ್ಳಿಸಿ ಸುಡೋದು. ಬಿಸಿ ಇದ್ದಾಗ ಬೆಣ್ಣಿ. ಬೆಣ್ಣಿ ಮ್ಯಾಲೆ ಬೆಳ್ಳನೇದು ಒಂದು ಬಳೀತಾರ. ಅದರ ಮ್ಯಾಲೆ ಹಾಲು ಒಡಿಸಿ ಗಟ್ಟಿ ಮಾಡಿದ್ದನ್ನ ಪುಡಿಪುಡಿ ಉದುರಿಸಿ, ಖಾರದ ಪುಡಿ ಹೊಡದು, ಕಡೀಕ ಲಿಂಬಿಹಣ್ಣು ಹಿಂಡಿದ್ರೋ... ಗುಮಾಸ್ತ್ರೇ, ಮ್ಯಾಲೆ ವಿಮಾನ ಬಂದಾವ ಅಂತ ಎಲ್ಲಾರೂ ಕುಣಿಯಾಗ ಹಾರಿದ್ರು. ನಾನೂ ಹಾರಿದೆ, ಕೈಯಾಗಿನ ತೆನಿ ಮಾತ್ರ ಬಿಡಲಿಲ್ಲ!"

"ಬೆಳ್ಳನೇದು ಅಂದ್ಯಲ್ಲ, ಏನದು?"

ದಸ್ತಗಿರಿ ದನಿ ಇಳಿಸಿದ. "ಅದು... ಕೋಳಿ ತತ್ತಿ. ಎಣ್ಣ್ಯಾಗ ಹಾಕಿ ಕಡದಿದ್ದು."

ಏಕಾಂತಪ್ಪನ ಕೈ ತಾನಾಗಿಯೇ ಎದೆಯ ಲಿಂಗಕ್ಕೆ ಹೋಯಿತು. "ಶಿವಶಿವಾ! ತತ್ತೀನಾ!" ಎಂದು ಓಣಿಗೆ ಕೇಳುವ ಹಾಗೆ ಕೂಗಿದ.

"ನಿಮಗ್ಯಾಕ್ರಿ ತತ್ತಿ" ಎಂದು ದಸ್ತಗಿರಿ ಪಿಸುಗುಟ್ಟಿದ. "ಗಟ್ಟಿ ಮೊಸರಿನ ಕೆನಿ ಸಾಕು. ಹಾಲು ಒಡದದ್ದರ ಬದಲಿ ಗಿಣ್ಣ ನಡೀತೈತಿ. ಶಂಕರಮ್ಮನ ಎಮ್ಮಿ ಮೊನ್ನಿ ಈದೈತಲ್ಲ."

ಕಷ್ಟವೇನೆಂದರೆ, ಎಮ್ಮೆಗೆ ಮೇವು ಹಾಕುತ್ತಿದ್ದ ಶಂಕರಮ್ಮನಿಗೆ ಕೂಗಿದ್ದು ಕೇಳಿತ್ತು, ಪಿಸುಗುಟ್ಟಿದ್ದು ಕೇಳಿರಲಿಲ್ಲ. ಏಕಾಂತಪ್ಪ ಹೋಗಿ ಕೇಳಿದಾಗ ಒಂದು ಬಟ್ಟಲು ಗಿಣ್ಣ, ಬೆಣ್ಣೆ, ಕೆನೆಮೊಸರು ಎಲ್ಲವನ್ನೂ ಕೊಟ್ಟಳು. ಕೊಟ್ಟು, ಅವನು ಬಾಗಿಲು ದಾಟಿದ ಕೂಡಲೇ ಎದುರುಗಟ್ಟೆಯ ಕಡೆಗೆ ನಡೆದಳು.

ಏಕಾಂತಪ್ಪ ಗಿಣ್ಣದ ಬಟ್ಟಲನ್ನು ಕಿಟಕಿಯಲ್ಲಿಟ್ಟು ಒಲೆಯ ಮುಂದೆ ಕುಳಿತ. ಹದಿನೈದು ವರ್ಷ ಮಂಡಿಯಲ್ಲಿ ನಿಂತು ಹತ್ತಿ ತುಂಬಿಸಿದ ಮನುಷ್ಯ. ಹತ್ತಿಯ ದೊಡ್ಡ ಚೀಲವಾದ ಅಂಡಿಗೆಯಲ್ಲಿ ಎಷ್ಟು ಒತ್ತಿ ತುಂಬಿದರೆ ಅಷ್ಟು ಒಳ್ಳೆಯದೆಂಬುದು ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ. ಹತ್ತಿಕಟ್ಟಿಗೆಯನ್ನು ಒಲೆಯ ಬಾಯಿಗೆ ತುರುಕಿದ, ಕೈಯಿಂದ ಒತ್ತಿದ, ಸಾಲದೆಂದು ಹಿಮ್ಮಡಿಯಿಂದ ತುಳಿದ. ಒಂದು ಇರುವೆ ಕೂಡ ಒಳಗೆ ಹೋಗದಂತೆ ತುಂಬಿ ಕಡ್ಡಿ ಗೀರಿದ. ಒಲೆ ಕೆಮ್ಮಿತು. ಇನ್ನೊಂದು ಗೀರಿದ. ಒಲೆ ಹೊಗೆಯನ್ನು ಹಿಂದಕ್ಕೆ ಉಗುಳಿತು. ಊದುಗೊಳವೆಯಲ್ಲಿ ಊದಿದಷ್ಟೂ ಹೊಗೆ, ಊರ ಗಡಿಯಲ್ಲಿ ಕುರಿಹಿಂಡು ಎಬ್ಬಿಸಿದ ಧೂಳಿನಂತೆ, ಅಡುಗೆಮನೆಯ ಗೋಡೆಗೆಲ್ಲ ಮಸಿ ಬಳಿದು ನಡುಮನೆಗೆ ನುಗ್ಗಿತು. ಕಡ್ಡಿಪೆಟ್ಟಿಗೆ ಅರ್ಧವಾಯಿತು. ಹೊರಗೆ ಓಡಿಬಂದ ಏಕಾಂತಪ್ಪನಲ್ಲಿ ಬೆಳ್ಳಗೆ ಉಳಿದದ್ದು ಕಣ್ಣು ಮತ್ತು ವಿಭೂತಿ ಮಾತ್ರ.

"ಲೇ ತಮ್ಮಾ," ಎಂದಳು ಗೋಡೆಗೆ ಮರಳಿದ್ದ ಶಂಕರಮ್ಮ, "ಒಲಿ ಅಂದ್ರ ಅಂಡಿಗಿ ಏನೋ? ಸಡಿಲ ಇಡೋ! ಬೆಂಕಿನೂ ನಿನ್ನಂಗೇ, ಗಾಳಿ ಇಲ್ಲದಿದ್ರ ಬದುಕಂಗಿಲ್ಲ."

ಅಷ್ಟರಲ್ಲಿ ಗುರುಪಾದಯ್ಯನವರು ಬಂದರು. ಅವರ ಹಿಂದೆ, ಏನೂ ಗೊತ್ತಿಲ್ಲದವರಂತೆ, ಓಣಿಯ ಆರೇಳು ಜನ.

"ಏಕಾಂತಾ, ಲಿಂಗ ಕಟ್ಟಿದ ಮನ್ಯಾಗ ತತ್ತಿ ಬೇಯ್ತಾವಂತ ಓಣಿ ಅಂತೈತಿ. ನಾ ನಂಬಿಲ್ಲ. ಆದ್ರ ಆ ಬಟ್ಟಲಾಗ ಬೆಳ್ಳಗ ಥಳಥಳ ಅಂತೈತಲ್ಲ, ಏನದು?"

"ಗಿಣ್ಣ, ಅಯ್ಯನೋರೆ! ನಿಮ್ಮ ಪಾದದಾಣಿ, ಗಿಣ್ಣ!"

"ಬೇಯಿಸಿದ ತತ್ತೀನೂ ಹಿಂಗ ಬೆಳ್ಳಗ ಇರತೈತಂತ. ನಾ ಕಂಡಿಲ್ಲ, ಕೇಳೀನಿ." ಅಯ್ಯನವರು ಕಿಟಕಿಯ ಬಳಿ ಕುಳಿತರು. 'ಶಿವಾರ್ಪಣ' ಎಂದು ಒಂದು ಚೂರು ಬಾಯಿಗೆ ಹಾಕಿಕೊಂಡರು. ಜನ ಉಸಿರು ಹಿಡಿದು ನೋಡಿತು. "ಗಿಣ್ಣದಂಗ ಐತಿ. ಆದ್ರ ಸಂಶಯ ಅನ್ನೋದು ಒಂದು ತುತ್ತಿಗೆ ಹೋಗೋ ಪೈಕಿ ಅಲ್ಲ." ಎರಡನೆಯದು ಹೋಯಿತು. ಮೂರನೆಯದೂ ಹೋಯಿತು. ಬಟ್ಟಲಿನ ಮುಕ್ಕಾಲು ಪಾಲು ಸಂಶಯ ಪರಿಹಾರವಾದ ಮೇಲೆ ಅಯ್ಯನವರು ಮೀಸೆ ಒರೆಸಿಕೊಂಡು ಎದ್ದರು.

"ಗಿಣ್ಣ. ಶುದ್ಧ ಗಿಣ್ಣ. ಒಂಚೂರು ಬೆಲ್ಲ ಇದ್ದಿದ್ರ ಸಂಶಯನೇ ಬರ್ತಿರಲಿಲ್ಲ."

ಓಣಿ ಬೇಸರದಿಂದ ಚದುರಿತು. ಹೊತ್ತು ಏರುತ್ತಿತ್ತು. ದಸ್ತಗಿರಿಗೆ ತಡೆಯಲಾಗಲಿಲ್ಲ, ಗೋಡೆ ಹಾರಿ ಬಂದ. "ಒಲಿ ಬಿಡ್ರಿ. ಕ್ಯಾಂಪಿನಾಗ ನಾವು ಹೊರಗೇ ಸುಡ್ತಿದ್ವಿ. ಹಿತ್ತಲಾಗ ಒಂದು ಹಳೆ ಬೋಗುಣಿ ಇಡೋದು, ಕೆಂಡ ಮಾಡೋದು. ಕಾಲು ತಾಸಿನ ಕೆಲಸ."

"ಹೊರಗ ಬೆಂಕಿ ಹಾಕೂ ಹಂಗಿಲ್ಲಲ್ಲೋ."

ಅದು ನಿಜವೇ. ಹಿತ್ತಲಿನ ಹಿಂದೆಯೇ ಮಂಡಿಯ ಹತ್ತಿ ಗೋದಾಮು. ಸುಗ್ಗಿ ಮುಗಿದು ಕೊನೆಯ ಅಂಡಿಗೆ ರೈಲು ಹತ್ತುವವರೆಗೆ ಆ ಓಣಿಯಲ್ಲಿ ಬೀಡಿ ಸೇದುವವನೂ ಮನೆಯೊಳಗೆ ಹೋಗಿ ಸೇದಬೇಕು. ಅದರ ನೋಟೀಸನ್ನು ಗೋಡೆಗೋಡೆಗೂ ಅಂಟಿಸಿ ಬಂದವನು ಗುಮಾಸ್ತ ಏಕಾಂತಪ್ಪನೇ. ಗೋದಾಮಿನ ಬಾಗಿಲಲ್ಲಿ ಕಾವಲುಗಾರ ಓಬಳೇಶ ರೈಲಿನ ಕಂಬಿಯ ತುಂಡೊಂದನ್ನು ತೂಗುಬಿಟ್ಟುಕೊಂಡು ಕುಳಿತಿರುತ್ತಿದ್ದ. ಮನೆಯ ಹೊರಗೆ ಎಲ್ಲಿ ಕಿಡಿ ಕಂಡರೂ ಅದನ್ನು ಬಾರಿಸುವುದು, ಬಾರಿಸಿದ ಕೂಡಲೇ ಮನೆಗೊಂದು ಕೊಡ ನೀರು ಬರುವುದು ಅಲ್ಲಿನ ಪದ್ಧತಿ.

"ಬೋಗುಣಿಯಷ್ಟು ಕೆಂಡ. ಗೋಡಿ ಮರೆಯಾಗ. ಯಾರಿಗೆ ಕಾಣತೈತ್ರೀ?" ಎಂದ ದಸ್ತಗಿರಿ.

ಹೂವಮ್ಮನ ಬಂಡಿಯ ಗೆಜ್ಜೆ ಆಗಲೇ ಏಕಾಂತಪ್ಪನ ಕಿವಿಯಲ್ಲಿ ಕೇಳತೊಡಗಿತ್ತು. ಒಪ್ಪಿಕೊಂಡ.

ಬೋಗುಣಿಯಲ್ಲಿ ಕಟ್ಟಿಗೆ ಸಡಿಲವಾಗಿ ಬಿತ್ತು, ಕೆಂಡವೂ ಆಯಿತು. ಜಡೆ ಹೆಣೆದ ತೆನೆಗಳು ಮದುವಣಗಿತ್ತಿಯರಂತೆ ಸಾಲಾಗಿ ಕುಳಿತವು. "ಉರಿ ಸಾಲದು" ಎಂದು ದಸ್ತಗಿರಿ ತಲೆಯ ರುಮಾಲು ಬಿಚ್ಚಿ ಪಟಪಟನೆ ಗಾಳಿ ಹಾಕಿದ. ಬೆಳಗಿನಿಂದ ಹಿಂಜಿದ ಹತ್ತಿಯ ಅರ್ಧದಷ್ಟು ಆ ರುಮಾಲಿನಲ್ಲೇ ಇತ್ತು. ಅರಳೆ ಉದುರಿ ಕೆಂಡಕ್ಕೆ ತಾಗಿತು. ಕಿಡಿ ಹೊತ್ತ ಅರಳೆಗಳು ಒಂದೊಂದಾಗಿ ಎದ್ದು, ಹಗಲಿನಲ್ಲಿ ದಾರಿ ತಪ್ಪಿದ ನಕ್ಷತ್ರಗಳಂತೆ ಮಿನುಗುತ್ತ, ನಿಧಾನವಾಗಿ ಗೋದಾಮಿನ ಗೋಡೆಯ ಕಡೆಗೆ ತೇಲಿದವು.

ಢಣ್! ಢಣ್! ಢಣ್! "ನಿಪ್ಪು! ನಿಪ್ಪುರೋ! ಬೆಂಕಿ ಬಿದ್ದೈತಿ ಬರ್ರೋ!" ಎಂದು ಓಬಳೇಶ ತೆಲುಗು, ಕನ್ನಡ ಎರಡರಲ್ಲೂ ಕೂಗಿದ.

ಓಣಿ ಬಂತು, ಮಂಡಿಯೂ ಬಂತು. ಬೋಗುಣಿಗೆ ಬಿದ್ದದ್ದು ಒಂದು ಕೊಡ, ಏಕಾಂತಪ್ಪನಿಗೆ ಬಿದ್ದದ್ದು ಒಂಬತ್ತು. ಗಾಳಿಯಲ್ಲಿದ್ದ ಅರಳೆಗಳು ಗೋಡೆ ಮುಟ್ಟುವ ಮೊದಲೇ ತಾವಾಗಿಯೇ ಆರಿ ಬೂದಿಯಾಗಿದ್ದವು. ಆದರೆ ತಂದ ನೀರನ್ನು ಹಿಂದಕ್ಕೆ ಒಯ್ಯುವುದು ಯಾರಿಗೂ ಸರಿ ಕಾಣಲಿಲ್ಲ.

"ಗುಮಾಸ್ತ್ರೇ, ಜ್ವರ ಅಂದಿದ್ರಿ?" ಎಂದ ಮಂಡಿಯ ಹಮಾಲನೊಬ್ಬ, ಖಾಲಿ ಕೊಡ ಹಿಡಿದುಕೊಂಡು.

"ಇತ್ತು."

"ಇಳದಿರತೈತಿ ಬಿಡ್ರಿ ಈಗ."

ಗದ್ದಲಕ್ಕೆ ಹೆದರಿದ ಶಂಕರಮ್ಮನ ಎಮ್ಮೆ ಹಗ್ಗ ಹರಿದುಕೊಂಡು ಒಳಗೆ ನುಗ್ಗಿತ್ತು. ಕೆಸರಿನಲ್ಲಿ ತೇಲುತ್ತಿದ್ದ ತೆನೆಗಳನ್ನು ಮೂಸಿತು. ಬೆಣ್ಣೆ ಹಚ್ಚಿರಲಿಲ್ಲವೆಂದು ಬೇಸರಿಸದೆ ಒಂದೊಂದನ್ನೇ ಸಿಪ್ಪೆ ಸಮೇತ ಮುಗಿಸತೊಡಗಿತು. ಅದನ್ನು ಹೊರಗೆಳೆಯುವಷ್ಟರಲ್ಲಿ ಎಂಟು ತೆನೆ ಹೋಗಿದ್ದವು.

"ನೀನೇ ಅಂದಿದ್ಯಲ್ಲಪ್ಪಾ, ಇದು ದನ ತಿನ್ನೋದು ಅಂತ" ಎಂದಳು ಶಂಕರಮ್ಮ, ಎಮ್ಮೆಯ ಬೆನ್ನು ತಟ್ಟುತ್ತ. "ನಿನ್ನ ಮಾತು ಉಳಿಸೈತಿ, ನೋಡು."

ಎಲ್ಲರೂ ಹೋದ ಮೇಲೆ ಏಕಾಂತಪ್ಪ ತೊಯ್ದ ಧೋತರದಲ್ಲಿ ಕುಳಿತು ಉಳಿದ ನಾಲ್ಕು ತೆನೆಗಳನ್ನು ನೋಡಿದ. ಬಂಡಿ ಬರಲು ಹೆಚ್ಚೆಂದರೆ ಎರಡು ತಾಸು. ಮಂಡಿ ಸೇರಿದ ಮೇಲೆ ಇಷ್ಟು ವರ್ಷ ಯಾವ ಕೆಲಸಕ್ಕೂ ಬೀಳದ ಬೆವರು ಈಗ ಬಿತ್ತು. ಎದ್ದ. ಕಸ ಹೊಡೆದ. ನೆಲ ಸಾರಿಸಿದ. ಧೋತರ ಒಗೆದು ಹಾಕಿದ. ಪಾತ್ರೆ ಬೆಳಗಿ ಬೋರಲು ಹಾಕಿದ. ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿದ. ಬಾಗಿಲಿಗೆ ರಂಗೋಲಿಯನ್ನೂ ಹಾಕಿದ. ಅದು ತಾವರೆಯೋ ಏಡಿಯೋ ತಿಳಿಯುವಂತಿರಲಿಲ್ಲವಾದರೂ ಭಕ್ತಿಗೆ ಕೊರತೆಯಿರಲಿಲ್ಲ. ಕೊನೆಗೆ ಒಲೆಯಲ್ಲಿ ತುರುಕಿದ್ದನ್ನೆಲ್ಲ ಹೊರಗೆಳೆದು, ಶಂಕರಮ್ಮ ಹೇಳಿದಂತೆ ಕಟ್ಟಿಗೆ ಸಡಿಲವಾಗಿಟ್ಟು ಕಡ್ಡಿ ಗೀರಿದ. ಒಲೆ ಹತ್ತಿತು. ಏಕಾಂತಪ್ಪ ತಾನು ಒಬ್ಬನೇ ಇದ್ದರೂ ಸುತ್ತ ನೋಡಿದ, ಯಾರಾದರೂ ಕಂಡರೇ ಎಂದು.

ಮೊದಲ ತೆನೆ ಇದ್ದಿಲಾಯಿತು. ಅದನ್ನು ಒಲೆಯ ಹಿಂದೆ ಬಚ್ಚಿಟ್ಟ. ಎರಡನೆಯದು ಹದಕ್ಕೆ ಬಂತು. ಮೂರನೆಯದರ ವೇಳೆಗೆ ಕೈಗೆ ಲಯ ಸಿಕ್ಕಿತ್ತು, ನಾಲ್ಕನೆಯದನ್ನು ಹೊರಳಿಸುವಾಗ ಭಜನೆಯ ಪದ ಹೇಳುತ್ತಿದ್ದ. ಬೆಣ್ಣೆ ಕರಗಿ ಕಾಳುಗಳ ಸಂದಿಗೆ ಇಳಿಯಿತು. ಕೆನೆಮೊಸರು, ಅಯ್ಯನವರ ಸಂಶಯದಿಂದ ಉಳಿದ ಗಿಣ್ಣ, ಗುಂಟೂರು ಖಾರ, ಲಿಂಬೆಹಣ್ಣು. ಮೂರು ತೆನೆಗಳು ತಟ್ಟೆಯ ಮೇಲೆ ಕುಳಿತ ಹೊತ್ತಿಗೆ ಬಾಗಿಲಲ್ಲಿ ಗೆಜ್ಜೆ ಕೇಳಿತು.

ಮೊದಲು ರೇವಣಸಿದ್ದಪ್ಪನವರ ಮೀಸೆ ಇಳಿಯಿತು, ಆಮೇಲೆ ಅವರು ಇಳಿದರು. ಹೂವಮ್ಮ ಇಳಿದಳು. ಏಕಾಂತಪ್ಪ ಬಂಡಿಯೊಳಕ್ಕೆ ಕಣ್ಣು ಹಾಯಿಸಿದ. ಹುಲ್ಲಿನ ಮೇಲೆ ಅವಳ ಬಟ್ಟೆಯ ಗಂಟು ಇತ್ತು. ಇರುವುದಕ್ಕೇ ಬಂದಿದ್ದಾಳೆ! ಆದರೆ ಗಂಟು ಬಂಡಿಯಲ್ಲೇ ಉಳಿಯಿತು. ಹೂವಮ್ಮ ರಂಗೋಲಿಯನ್ನು ಸುತ್ತಿ ನಡೆದು, ಒಳಗೆ ಹೋದಳು.

ಏಕಾಂತಪ್ಪ ಮಾವನಿಗೆ ಚಾಪೆ ಹಾಕಿ, ತಟ್ಟೆ ಮುಂದಿಟ್ಟು, ಕೈ ಕಟ್ಟಿ ನಿಂತ. "ಮಾವನೋರೆ, ಅವತ್ತು ಬಾಯಿ ತಪ್ಪಿ ಅಂದೆ. ತೆನಿ ಅಂದ್ರ ಏನು ಅಂತ ನನಗ ಗೊತ್ತಿರಲಿಲ್ಲ."

"ಇದು ತೆನಿ ಏನ್ರೀ, ಅಳಿಯಂದ್ರ?" ಮಾವ ಜಡೆ ಹಿಡಿದು ಎತ್ತಿ ನೋಡಿದರು. "ಕಾಳು ಬಿಡಿಸೋದು ಹೆಂಗ ಇದನ್ನ?"

"ಬಿಡಿಸೋ ಹಂಗಿಲ್ರಿ. ಕಚ್ಚಿ ತಿನ್ನೋದು. ಮೆಕ್ಸಿಕೋದಾಗ ಹಂಗಂತ."

"ಎಂಜಲಲ್ಲೇನು?"

"ಒಬ್ಬರಿಗೆ ಒಂದು, ಮಾವನೋರೆ. ನಿಮ್ಮ ಎಂಜಲು ನಿಮಗೇ."

ಮಾವ ಕಚ್ಚಿದರು. ಮೀಸೆಗೆ ಕೆನೆ ಹತ್ತಿತು. ಕಣ್ಣು ಮುಚ್ಚಿದರು. ಆಮೇಲೆ, ಒಂದು ಸಾಲೂ ಬಿಡದೆ ಓದುವ ಪುರಾಣಿಕರಂತೆ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಹೋದರು. ಬೆಂಡು ಬರಿದಾದ ಮೇಲೆಯೇ ಕಣ್ಣು ತೆರೆದದ್ದು.

"ಅರವತ್ತು ವರ್ಷ ತೆನಿ ಬೆಳದೀನಿ," ಎಂದರು ಮೆಲ್ಲಗೆ, "ತಿಂದಿದ್ದು ಇವತ್ತು."

ಹೂವಮ್ಮ ಒಳಗಿನಿಂದ ಬಂದಳು. ತೆನೆ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಒಂದು ಕಚ್ಚಿದಳು. ಇನ್ನೊಂದು ಕಚ್ಚಿದಳು. ಖಾರಕ್ಕೋ ಏನೋ ಕಣ್ಣು ತುಂಬಿತು.

"ನೀವೇ ಸುಟ್ಟಿದ್ದಾ?"

"ನಾನೇ."

"ಒಲಿ ಯಾರು ಹಚ್ಚಿದ್ರು?"

"ನಾನೇ!" ಏಕಾಂತಪ್ಪನ ಎದೆ ಉಬ್ಬಿತು.

"ಸುಣ್ಣ ಬಳದಿದ್ದು? ಪಾತ್ರಿ ಬೆಳಗಿದ್ದು?"

"ಎಲ್ಲಾ ನಾನೇ. ಒಬ್ಬನೇ. ಯಾರೂ ಒಂದು ಕಡ್ಡಿ ಎತ್ತಿ ಕೊಟ್ಟಿಲ್ಲ."

ಹೂವಮ್ಮನ ಮುಖ ಅರಳಿತು. ಹನ್ನೊಂದು ದಿನದಲ್ಲಿ ಏಕಾಂತಪ್ಪ ನೆನೆದು ನೆನೆದು ಸವೆಸಿದ್ದ ನಗು ಅದು. ಅವಳು ತಂದೆಯ ಕಡೆ ತಿರುಗಿದಳು.

"ಅಪ್ಪಾ, ನಾ ಸುಮ್ಮನ ಹೆದರಿದ್ದೆ. ಏಳು, ಹೊತ್ತು ಇದ್ದಾಗ ಊರು ಮುಟ್ಟೋಣು."

"ಊರು?" ಎಂದ ಏಕಾಂತಪ್ಪ.

"ಆ ತೆನಿ ಮಾತು ಬಿಡ್ರಿ, ಬಂಡಿ ಊರು ದಾಟೋದ್ರೊಳಗ ಮರತಿದ್ದೆ. ನಮ್ಮ ತಂಗಿ ಅಂಬಮ್ಮಗ ದಿನ ತುಂಬ್ಯಾವ. ಅವ್ವಗ ಕಣ್ಣು ಮಂಜು, ಬಾಣಂತನ ಮಾಡಾಕ ನಾನೇ ಆಗಬೇಕು. ಅಷ್ಟರಾಗ ಶಂಕರಮ್ಮತ್ತಿ ಹೇಳಿ ಕಳಿಸಿದ್ರು, ನಿನ್ನ ಗಂಡ ಒಲಿ ಹಚ್ಚಾಕ ಬರದೆ ಸೊರಗಿ ಕಡ್ಡಿ ಆಗ್ಯಾನ ಅಂತ. ಅತ್ತ ತಂಗಿ, ಇತ್ತ ನೀವು. ಮನಿ ನೋಡೋಣು, ಕೆಟ್ಟು ಕೂತಿದ್ರ ಇಲ್ಲೇ ಇರೋದು, ಬಾಣಂತನಕ್ಕ ಮತ್ತ್ಯಾರನ್ನರ ನೋಡಿದ್ರಾತು ಅಂತ ಬಟ್ಟಿಗಂಟು ಕಟ್ಟಿಕೊಂಡೇ ಬಂದಿದ್ದೆ. ಇಲ್ಲಿ ನೋಡಿದ್ರ ನನಗಿಂತ ಚೊಲೋ ಇಟ್ಟೀರಿ! ಇನ್ನ ಮೂರು ತಿಂಗಳು ನಿಶ್ಚಿಂತಿ."

ಏಕಾಂತಪ್ಪ ಓಡಿ ಗೋಡೆಯ ಬಳಿ ನಿಂತ. "ಹೂವೀ, ಅಲ್ಲ... ಮನಿ ಕೆಟ್ಟಿತ್ತು! ಬೆಂಕಿ ಬಿದ್ದಿತ್ತು! ಓಣಿ ಎಲ್ಲಾ ಬಂದು ನೀರು ಹಾಕ್ಯಾರ! ಇಲ್ಲಿ ನೋಡು, ಈ ಸುಣ್ಣದ ಹಿಂದ ಮಸಿ ಐತಿ!" ಎಂದು ಗೋಡೆಯನ್ನು ಉಗುರಿನಿಂದ ಕೆರೆದ. "ಅಯ್ಯನೋರನ್ನ ಕೇಳು ಬೇಕಾದ್ರ!"

ಬಂಡಿ ಕಂಡು ಬಾಗಿಲಿಗೆ ಬಂದಿದ್ದ ಗುರುಪಾದಯ್ಯನವರು, ಅಳಿಯನ ಮಾನ ಮಾವನೆದುರು ಹೋಗಬಾರದೆಂದು ಕೂಡಲೇ ಮುಂದಾದರು. "ಬೆಂಕಿ? ಎಲ್ಲೀ ಬೆಂಕಿ? ನಮ್ಮ ಓಣ್ಯಾಗ ಏಕಾಂತನಷ್ಟು ಅಚ್ಚುಕಟ್ಟು ಮತ್ತೊಬ್ಬ ಇಲ್ಲ, ರೇವಣಸಿದ್ದಪ್ಪ."

"ಹೌದ್ರಿ ಗೌಡ್ರೇ," ಎಂದು ದಸ್ತಗಿರಿಯ ಬಿಳಿ ಗಡ್ಡ ಗೋಡೆಯ ಮೇಲಿಂದ ಸಾಕ್ಷಿ ಹೇಳಿತು. "ಅವರ ಕೈ ನೋಡಿದ್ರ ಕ್ಯಾಂಪಿನಾಗ ಅವರನ್ನೇ ಹವಾಲ್ದಾರ್ ಕುಕ್ ಮಾಡ್ತಿದ್ರು."

"ದೊಡ್ಡ ಮನಸ್ಸು ನೋಡು," ಎಂದು ಮಾವ ಮಗಳಿಗೆ ಹೇಳಿದರು, "ತಮ್ಮ ಹೊಗಳಿಕಿ ತಾವೇ ಅಳಿಸಾಕ ಹತ್ಯಾರ."

ಮೂರನೆಯ ತೆನೆಯನ್ನು ಹೂವಮ್ಮ ಎಲೆಯಲ್ಲಿ ಸುತ್ತಿಕೊಂಡಳು. "ಅಂಬಮ್ಮಗ ಬಯಕಿ ಐತಿ" ಎಂದಳು. ಬಂಡಿ ಹತ್ತುವಾಗ ಅವನ ಕಡೆ ತಿರುಗಿ, ಯಾರಿಗೂ ಕಾಣದಂತೆ ನಕ್ಕಳು. ಬಟ್ಟೆಗಂಟು ಅವಳ ಮಗ್ಗುಲಲ್ಲೇ ಕುಳಿತು ಹರಿವಾಣಕ್ಕೆ ಹೊರಟಿತು. ಗೆಜ್ಜೆಯ ಸದ್ದು ಗೋದಾಮಿನ ತಿರುವು ದಾಟಿ ನಿಂತಿತು.

ಹೊತ್ತು ಮುಳುಗುವ ವೇಳೆಗೆ ಏಕಾಂತಪ್ಪ ಅಭ್ಯಾಸಬಲದಿಂದ ಹಿತ್ತಲಿನ ಗೋಡೆಯ ಕೆಳಗೆ ಬಂದು ನಿಂತ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಹೊಗೆ ಒಂದೇ. ಶಂಕರಮ್ಮನ ತಲೆ ಮೂಡಿತು. ಕೈಯಲ್ಲಿ ರೊಟ್ಟಿ ಇರಲಿಲ್ಲ.

"ಅಲ್ಲೋ ತಮ್ಮಾ, ಇನ್ಯಾಕ ಇಲ್ಲಿ ನಿಂತಿ? ನಿನಗ ಒಲಿ ಹಚ್ಚಾಕ ಬಂತು, ನನ್ನ ಮುದಿ ಕೈಗೆ ಎರಡು ರೊಟ್ಟಿ ಬಡಿಯೋ ಕೆಲಸ ಉಳೀತು. ಶಿವ ದೊಡ್ಡಾಂವ." ಅವಳು ಒಂದು ಬಟ್ಟಲನ್ನು ಗೋಡೆಯ ಮೇಲಿಂದ ಇಳಿಸಿದಳು. ಬಟ್ಟಲು ಖಾಲಿಯಿತ್ತು. "ನಾಳಿ ಯರ್ರೆಪ್ಪ ತೆನಿ ತಂದ್ರ ಇದರಾಗ ನನಗೂ ಒಂದು ಹಾಕಿ ಕೊಡು. ಹಲ್ಲಿಲ್ಲ ನನಗ, ಕಾಳು ಬಿಡಿಸು. ಗಿಣ್ಣ ಮಾತ್ರ ಅಯ್ಯನೋರಿಗೆ ಕಾಣದಂಗ ಇಡು."

ಏಕಾಂತಪ್ಪ ಒಳಗೆ ಹೋದ. ಒಲೆಯ ಹಿಂದಿನಿಂದ ಇದ್ದಿಲಾದ ತೆನೆಯನ್ನು ತೆಗೆದು ಒಂದು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡು ಉಗುಳಿದ. ಜೋಳದ ಹಿಟ್ಟಿನ ಡಬ್ಬಿಯನ್ನು ಕೆಳಗಿಳಿಸಿದ. ಎಷ್ಟು ನೀರು ಹಾಕಬೇಕೆಂದು ಅದರ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಒಲೆಯ ಮುಂದೆ ಕುಳಿತು ನಾಲ್ಕು ಕಟ್ಟಿಗೆ ಇಟ್ಟು, ಹತ್ತದಿರಲಿ ದೇವರೇ, ಹೂವಮ್ಮನ ಬಂಡಿ ಇನ್ನೂ ದೂರ ಹೋಗಿರಲಿಕ್ಕಿಲ್ಲ, ಓಡಿಹೋಗಿ ಕರೆತರುತ್ತೇನೆ ಎಂದು ಬೇಡಿಕೊಳ್ಳುತ್ತ ಕಡ್ಡಿ ಗೀರಿದ.

ಒಂದೇ ಕಡ್ಡಿಗೆ ಹತ್ತಿತು.